ಬೀಗ ಬದಲಿಸಿದ ದಿನ

ಗುರುವಾರ, ಹನ್ನೆರಡನೇ ತಾರೀಕು

ಮಗಳು ಕೊಟ್ಟ ಮಾತು: ಕುಡಿಯುವುದಿಲ್ಲ, ಡಾಕ್ಟರ ಹತ್ತಿರ ಹೋಗುತ್ತೇನೆ, ಅಪ್ಪನ ಮೇಲೆ ಕೈ ಮಾಡುವುದಿಲ್ಲ. ಮೂರೂ ಸುಳ್ಳಾದವು. ನಿನ್ನೆ ನಮ್ಮವರ ಮಣಿಕಟ್ಟು ತಿರುಚಿದಳು. ನಾನು ಅವಳಿಗೆ ಇನ್ನು ಕೊಡುವುದಿಲ್ಲ ಎಂದದ್ದು ಒಂದೇ, ಮನೆಯ ಕೀಲಿಕೈ. ಬೆಳಿಗ್ಗೆಯೇ ಬೀಗ ಬದಲಿಸಿದೆ.

ಸಂಜೆ ಕುಡಿದು ಬಂದು ಬಾಗಿಲು ಗುದ್ದಿದಳು. ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು: "ಗಿರಣಿ ಬೀಗ ತೆಗೆಸೋಕೆ ನಲವತ್ತು ದಿನ ಗೇಟಲ್ಲಿ ಕೂತವಳು ನೀನೇನಾ ಅಮ್ಮಾ? ಈಗ ನೀನೇ ಧಣಿಯಾದೆಯಾ?"

ಮಾತು ನಾಟಿತು. ಗಿರಣಿ ಕಾರ್ಮಿಕರ ಸಂಘದಲ್ಲಿ, ಬೀಗ ಹಾಕಿದ ಧಣಿಗಳನ್ನು ಬೈದೇ ಆಯುಷ್ಯ ಸವೆಸಿದವಳು ನಾನು. ಕೈ ಚಿಲಕದವರೆಗೂ ಹೋಯಿತು. ಊದಿದ ಕೈ ಹಿಡಿದುಕೊಂಡೇ ನಮ್ಮವರು, "ತೆಗಿಯೇ, ನಮ್ಮ ಮಗು ಅಲ್ವಾ" ಅಂದರು. ಮಗುವಿಗೆ ಮೂವತ್ತೆರಡು!

ಕಿಟಕಿಯಿಂದಲೇ ಹೇಳಿದೆ: "ಧಣಿ ಬೀಗ ಹಾಕಿ ಬೆನ್ನು ತಿರುಗಿಸಿದ ಕಣೇ. ನಾನು ಮಾತಾಡ್ತೀನಿ. ಆದ್ರೆ ಕುಡಿದವಳ ಜೊತೆ ಅಲ್ಲ, ಈ ಮನೇಲೂ ಅಲ್ಲ."

ಚಪ್ಪಲಿ ಎಸೆದು ಹೋದಳು. ಎಸೆಯಲಿ. ಕರುಳು ಸುಡುತ್ತದೆ, ಆದರೂ ಮಾಡಿದ್ದು ಸರಿ. ಹೆತ್ತೆನೆಂದು ಹೊಡೆತಕ್ಕೆ ಸಹಿ ಹಾಕಿಲ್ಲ ನಾನು. ಅವಳ ಫೋನಿಗೆ ಮೂರೇ ಮಾತು ಕಳಿಸಿ ಮಲಗುತ್ತೇನೆ: ಸಂಘದ ಕಚೇರಿ, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ.