ಹುಲ್ಲಿನ ದಾರಿಯಲ್ಲಿ ದೇಗುಲಕ್ಕೆ

ಕಂಡಾರಾ, ಭಾನುವಾರ

ಪ್ರೀತಿಯ ಅಪ್ಪನಿಗೆ ಸತೇಶ್ವರಿಯ ನಮಸ್ಕಾರಗಳು.

ಬೈಯಬೇಡಿ. ನೀವು ಡೆಹ್ರಾಡೂನಿನ ಆಸ್ಪತ್ರೆಯಲ್ಲಿರುವಾಗ, ನಿಮ್ಮನ್ನೇ ನಂಬಿ ಬಂದಿದ್ದ ಆರು ಮಂದಿ ಚಾರಣಿಗರನ್ನು ಬೆಟ್ಟದ ಮೇಲಿನ ಪಾಳು ದೇಗುಲಗಳಿಗೆ ನಾನೇ ಕರೆದುಕೊಂಡು ಹೋಗಿಬಂದೆ!

"ಗೈಡ್ ಎಲ್ಲಿದಾನಮ್ಮಾ?" ಎಂದು ಅವರಲ್ಲಿದ್ದ ಹಿರಿಯರು ಕೇಳಿದರು.

"ನಾನೇ," ಎಂದೆ.

"ನೀನಾ?" ಎಂದು ನಕ್ಕರು.

ಅಜ್ಜಿ ಬಿಟ್ಟಾಳೆಯೇ? "ಮೊದ್ಲು ಅವಳ ಹಿಂದೆ ಹತ್ತಪ್ಪಾ, ಆಮೇಲೆ ಉಸಿರು ಉಳಿದಿದ್ರೆ ನಗುವಿಯಂತೆ!" ಎಂದಳು.

ಅರ್ಧ ದಾರಿಯಲ್ಲಿ ಗುಡ್ಡ ಕುಸಿದು ನಿಮ್ಮ ಕಾಲುಹಾದಿಯೇ ಮಾಯವಾಗಿತ್ತು. ಎಲ್ಲರೂ ಹಿಂದಿರುಗೋಣವೆಂದರು. ನಾವು ಹೆಂಗಸರು ಹುಲ್ಲು ಕೊಯ್ಯಲು ಹೋಗುವ ಕಡಿದಾದ ದಾರಿಯಲ್ಲಿ ನಾನು ಅವರನ್ನು ಹತ್ತಿಸಿದೆ. ಮಂಜು ಸರಿದು, ಮುರಿದ ಕಲ್ಲುಕಂಬಗಳ ಹಿಂದೆ ಹಿಮಶಿಖರ ಹೊಳೆದಾಗ ಆ ಹಿರಿಯರು ನನಗೇ ಕೈಮುಗಿದರು. ಅಪ್ಪಾ, ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

ನಿಮ್ಮ ಮೊಣಕಾಲಿನ ಬಗ್ಗೆ ವೈದ್ಯರು ಹೇಳಿದ್ದನ್ನು ಅಲ್ಲಿ ನಿಮ್ಮ ಜೊತೆಗಿರುವ ಅಣ್ಣ ತಿಳಿಸಿದ. ಆ ಮಾತು ಈಗ ಬೇಡ. ಒಂದು ಕೆಲಸ ಮಾತ್ರ ಮಾಡಿಕೊಡಿ. ದೇಗುಲದ ಕಥೆ ಹೇಳುತ್ತಾ ನಾನು ನಡುವೆಯೇ ತಡವರಿಸಿದೆ. ನಿಮಗೆ ಗೊತ್ತಿರುವುದನ್ನೆಲ್ಲ ಅಣ್ಣನ ಕೈಲಿ ಬರೆಸಿ ಕಳುಹಿಸಿ. ಶುಕ್ರವಾರ ಮತ್ತೊಂದು ತಂಡ ಬರುತ್ತದೆ. ದಾರಿ ನಾನು ತೋರಿಸುತ್ತೇನೆ, ಮಾತು ನಿಮ್ಮದಿರಲಿ.

ನಿಮ್ಮ ಮಗಳು,
ಸತೇಶ್ವರಿ