ಅಮ್ಮಣಿಯಕ್ಕ ಫೋನ್ ಎತ್ತುವುದಿಲ್ಲ

ಜುಲೈ ೧೪, ಮಂಗಳವಾರ

ಮುಂಡಾಜೆಯ ಅಮ್ಮಣಿಯಕ್ಕ ಇವತ್ತು ಡಯಾಲಿಸಿಸ್ ಆಗದೆ, ಊದಿದ ಮುಖದಲ್ಲೇ ವಾಪಸ್ ಬಸ್ಸು ಹತ್ತಿದರು. ಅವರ ಸರದಿಯನ್ನು ನಮ್ಮ ಸೆಂಟರಿನ ಬುಕಿಂಗ್ ನೋಡಿಕೊಳ್ಳುವ ಎಐ ಏಜೆಂಟ್ ಬೇರೆಯವರಿಗೆ ಕೊಟ್ಟಿತ್ತು. ಅದನ್ನು ಬೈದು ಎಂಥ ಪ್ರಯೋಜನ? ಟೂಲ್‌ನ ವಿವರಣೆ, ಅಂದರೆ ಏಜೆಂಟ್ ಓದಿ ನಡೆಯುವ ಸೂಚನೆ, ಬರೆದವಳು ನಾನೇ: "ಬರುತ್ತೇನೆಂದು ತಿಳಿಸದವರ ಸರದಿ ರದ್ದು ಮಾಡಲು ಇದನ್ನು ಬಳಸಿ."

ನಮ್ಮಲ್ಲಿ ಬರುವವರು ತಿಳಿಸುವುದೇ ಇಲ್ಲ. ಬಾರದವರು ಮಾತ್ರ ಫೋನ್ ಮಾಡ್ತಾರೆ. ಎಲ್ಲರಿಗೂ ಗೊತ್ತುಂಟಲ್ಲ ಎಂದು ಅದನ್ನು ಬರೆಯಲಿಲ್ಲ. ಏಜೆಂಟಿಗೆ ಗೊತ್ತಿರಲಿಲ್ಲ.

"ನಾಳೆ ಮೊದಲು ಅವರಿಗೇ ಡಯಾಲಿಸಿಸ್ ಮಾಡುವ, ಉಝ್ಮಾ. ಹೆದರಬೇಡ ಮಾರಾಯ್ತಿ," ಅಂದರು ರಿಝ್ವಾನ್ ಡಾಕ್ಟ್ರು. ಅದನ್ನು ಹೇಳಲು ಸಂಜೆಯಿಂದ ಫೋನ್ ಮಾಡ್ತಾ ಇದ್ದೇನೆ. ಅಮ್ಮಣಿಯಕ್ಕ ಎತ್ತುವುದಿಲ್ಲ.

ಫೋನ್ ಬಾರದಿದ್ದರೆ ಬರ್ತಾರೆ ಎಂದೇ ಇಷ್ಟು ವರ್ಷ ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಇವತ್ತು ಅವರ ಫೋನ್ ಸುಮ್ಮನೆ ರಿಂಗಾಗುವುದನ್ನು ಕೇಳಿ ನಿದ್ದೆಯೇ ಬರುವುದಿಲ್ಲ. ಇನ್ನೊಮ್ಮೆ ಮಾಡಿ ನೋಡ್ತೇನೆ.