ಪಟ್ಟಿಯಿಂದ ಹೊಡೆದುಹಾಕಿದ ಒಂದು ಸಾಲು

ಮಾರ್ಚ್ 4, ಬೆಳಗ್ಗೆ 6.20

ಮತ್ತೆ ಮೂರು ದೂರು. ಹೊಸ ಆವೃತ್ತಿ ಯಾವಾಗ, ಇನ್ನೂ ಯಾಕಿಲ್ಲ, ಬದುಕಿದ್ದೀರಾ... ಬದುಕಿದ್ದೇನೆ ಮಹರಾಯ. ಒಂಬತ್ತಕ್ಕೆ ಆಫೀಸಿಗೂ ಹೋಗಬೇಕು.

ಆರು ವರ್ಷವಾಯಿತು. ಪರದೆಯ ಮೇಲಿನದನ್ನು ಓದಿ ಹೇಳುವ ಈ ಸಾಫ್ಟ್‌ವೇರ್ ಬರೆದವರು ಬೇರೆ ಯಾರೋ. ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಅದನ್ನು ಹೇಗೆ ಕಟ್ಟಬೇಕು, ಜೊತೆಗೆ ಇನ್ನೇನೇನು ಬೇಕು ಎಂದು ಪಟ್ಟಿ ಬರೆದು, ಪ್ಯಾಕೇಜ್ ಮಾಡಿಡುವವಳು ನಾನು. ಅಡುಗೆ ಮಾಡಿದವರಿಗೆ ಹೆಸರು, ಸಾಮಾನಿನ ಚೀಟಿ ಬರೆದವಳಿಗೆ ಬೈಗುಳ. ಶುರು ಮಾಡಿದ್ದು ಅಕ್ಕನಿಗೋಸ್ಕರ. ಅವಳ ಕಣ್ಣು ಹೋದ ವರ್ಷ.

ಮಾರ್ಚ್ 5

ಮನೆಗೆ ಬರುವಷ್ಟರಲ್ಲಿ ಜೀವ ಅರ್ಧವಾಗಿತ್ತು. ಅಕ್ಕ ಕಾಯುತ್ತಿದ್ದಳು.

"ನಾಳೆ ಹನ್ನೊಂದಕ್ಕೆ ನನ್ ಕೆಲ್ಸದ ಆನ್‌ಲೈನ್ ಟೆಸ್ಟು, ನೆನಪಿದೆ ತಾನೆ? ಈ ಕೆಲ್ಸ ಸಿಕ್ಕಿದ್ರೆ ಮನೇಲೇ ಕೂತು ಮಾಡ್ಬಹುದು ಕಣೇ."

ಹೂಂ ಎಂದೆ. ಹೊಸ ಆವೃತ್ತಿ ಹಾಕಿಯೇಬಿಟ್ಟೆ. ಪಟ್ಟಿಯಲ್ಲಿದ್ದ ಒಂದು ಹಳೆಯ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಹಾಯಕ ಕೋಡು — ಇನ್ನು ಬೇಡವೆಂದುಕೊಂಡು ಹೊಡೆದುಹಾಕಿದೆ. ನನ್ನ ಕಂಪ್ಯೂಟರ್ ಚೆನ್ನಾಗಿಯೇ ಮಾತಾಡಿತು. ಏನೂ ಹಾಕಿರದ ಖಾಲಿ ಲಿನಕ್ಸಿನಲ್ಲಿ ಒಮ್ಮೆ ಕಟ್ಟಿ ನೋಡಬೇಕು, ಅದು ನಿಯಮ. ನಲವತ್ತು ನಿಮಿಷ ಹಿಡಿಯುತ್ತದೆ. ಇವತ್ತೊಂದು ದಿನ ಬೇಡ.

ಮಾರ್ಚ್ 6, ಸಂಜೆ

ಧ್ವನಿ ಹೊರಡುವುದೇ ಆ ಲೈಬ್ರರಿಯಿಂದ. ನನ್ನಲ್ಲಿ ಬೇರೆ ಯಾವುದಕ್ಕೋ ಹಾಕಿದ್ದು ಬಿದ್ದಿತ್ತು, ಅದಕ್ಕೇ ಗೊತ್ತಾಗಲಿಲ್ಲ. ಅಕ್ಕನ ಕಂಪ್ಯೂಟರ್ ಪ್ರತಿ ಬೆಳಗ್ಗೆ ತಾನೇ ಅಪ್‌ಡೇಟ್ ಆಗುತ್ತದೆ, ಬೇಡದ್ದನ್ನು ತಾನೇ ಅಳಿಸುತ್ತದೆ. ಹಾಗೆ ಮಾಡಿಟ್ಟವಳೂ ನಾನೇ.

ಹನ್ನೊಂದರಿಂದ ಹನ್ನೆರಡು. ಹೆಡ್‌ಫೋನ್ ಹಾಕಿಕೊಂಡು, ಸದ್ದೇ ಇಲ್ಲದ ಕಂಪ್ಯೂಟರಿನ ಮುಂದೆ, ಒಂದೊಂದೇ ಕೀ ಒತ್ತುತ್ತಾ ಕುಳಿತಿದ್ದಳಂತೆ. ಟೆಸ್ಟು ಹೋಯಿತು.

"ಒಂದು ಫೋನ್ ಮಾಡೋದಲ್ವಾ!" ಎಂದು ರೇಗಿದೆ. ಮಾಡಿದ್ದು ನಾನು, ಬೈಸಿಕೊಂಡದ್ದು ಅವಳು.

"ಮಾಡಿದ್ರೆ ನೀನು ಕೆಲ್ಸ ಬಿಟ್ಟು ಓಡಿಬರ್ತಿದ್ದೆ. ಮೊದ್ಲೇ ಸುಸ್ತಾಗಿದ್ದೀಯ. ನಾನೇ ಏನೋ ತಪ್ಪು ಒತ್ತಿರ್ಬೇಕು ಬಿಡು."

ಇಲ್ಲ ಅಕ್ಕ, ತಪ್ಪು ನನ್ನದು ಎನ್ನಲು ನಾಲಿಗೆ ಏಳಲಿಲ್ಲ. ನಾಚಿಕೆಯಾಗುತ್ತಿದೆ.

ಮಾರ್ಚ್ 7, ಬೆಳಗ್ಗೆ 7.40

ಆ ಸಾಲನ್ನು ವಾಪಸ್ ಸೇರಿಸಿದೆ. ಈ ಸಲ ಖಾಲಿ ಲಿನಕ್ಸಿನಲ್ಲೇ ಕಟ್ಟಿದೆ — ನಲವತ್ತು ನಿಮಿಷ ಅಲ್ಲಾಡದೆ ಕುಳಿತು. ಏನು ಬದಲಾಯಿಸಿದೆನೆಂದು ಟಿಪ್ಪಣಿಯನ್ನೂ ಬರೆದು ಕಳಿಸಿದೆ. ಅಕ್ಕನ ಕಂಪ್ಯೂಟರಿಗೂ ಹಾಕಿದೆ.

ಆಮೇಲೆ ಪ್ಯಾಕೇಜಿನ ಪುಟದಲ್ಲಿ 'ಕೈಬಿಡು' ಎಂಬುದನ್ನು ಒತ್ತಿಬಿಟ್ಟೆ. ಸಾಕಪ್ಪಾ ಸಾಕು. ಬೇರೆ ಯಾರಾದರೂ ನೋಡಿಕೊಳ್ಳಲಿ.

7.55

ಪಕ್ಕದ ಕೋಣೆಯಿಂದ ಧ್ವನಿ! ಅದೇ ಮೂಗಿನಲ್ಲಿ ಮಾತಾಡುವ ಯಂತ್ರ. ಅಕ್ಕ ನಕ್ಕದ್ದೂ ಕೇಳಿಸಿತು. ಅಳು ಬಂತು.

ನಿನ್ನೆ ಏನಾಗಿತ್ತೆಂದು ತಿಳಿಯಲು ಪ್ಯಾಕೇಜಿನ ಪುಟ ತೆರೆದಿದ್ದಾಳೆ. ಯಂತ್ರ ಸಾಲು ಸಾಲಾಗಿ ಓದುತ್ತಿದೆ, ನನ್ನ ಟಿಪ್ಪಣಿಯನ್ನೂ. ಬಿಟ್ಟುಹೋಗಿದ್ದ ಲೈಬ್ರರಿ ಮತ್ತೆ ಸೇರಿಸಿದೆ. ತಪ್ಪು ನನ್ನದು, ಕ್ಷಮಿಸಿ... ನಾನು ಬಾಯಿಬಿಟ್ಟು ಹೇಳದ್ದನ್ನು ಅದೇ ಹೇಳಿಬಿಟ್ಟಿತು.

ನೋಡಿಕೊಳ್ಳುವವರು: ಯಾರೂ ಇಲ್ಲ.

ಅಕ್ಕ ಆ ಸಾಲನ್ನು ಮತ್ತೆ ಓದಿಸಿದಳು. ನೋಡಿಕೊಳ್ಳುವವರು: ಯಾರೂ ಇಲ್ಲ.

"ಲೇ... ಇದ್ದೀಯೇನೇ ಅಲ್ಲಿ?"

ಇದ್ದೀನಿ ಅಕ್ಕ, ಬಂದೆ, ಮೊದಲು ಆ 'ಕೈಬಿಡು' ಒಂದನ್ನು ವಾಪಸ್